ಕಿವಿಯ ಕನ್ನಡ, ತುಟಿಯ ಮರಾಠಿ

ಬೆಳಗಿನ ಆರು ಗಂಟೆಗೆ ಸಂಭಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರ್ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಬಾಯಿ ತೆರೆದು ಮುಚ್ಚುತ್ತಿದ್ದ. ಅವನು ಏನು ಕೂಗುತ್ತಿದ್ದಾನೆಂದು ಸಂಗಮನಾಥನಿಗೆ ಕೇಳಿಸಲಿಲ್ಲ, ಕಾಣಿಸಿತು. ಬಸ್ಸಿನ ಹಣೆಯ ಮೇಲೂ ಅದೇ ಬರೆದಿತ್ತು: ಕನ್ನಡ. ಅರವತ್ತು ಕಿಲೋಮೀಟರು ಆಚೆಗಿನ ತಾಲೂಕು ಊರು ಅದು. ಇಪ್ಪತ್ತೆಂಟು ವರ್ಷದ ಹಿಂದೆ ಭಾಲ್ಕಿಯಿಂದ ಬಂದು ಇದೇ ಸ್ಟ್ಯಾಂಡಿನಲ್ಲಿ ಇಳಿದ ದಿನ ಅವನು ಈ ಕೂಗನ್ನು ಕಿವಿಯಾರೆ ಕೇಳಿ, ಯಾರೋ ಪುಣ್ಯಾತ್ಮರು ಕನ್ನಡದವರನ್ನು ಒಂದು ಕಡೆ ಸೇರಿಸುತ್ತಿದ್ದಾರೆ ಎಂದುಕೊಂಡು ಟ್ರಂಕು ಸಮೇತ ಓಡಿ ಹತ್ತಿ ಕೂತಿದ್ದ. ದೌಲತಾಬಾದಿನ ಕೋಟೆ ಕಂಡಾಗಲೂ ಅನುಮಾನ ಬರಲಿಲ್ಲ. ಕನ್ನಡದಲ್ಲಿ ಇಳಿದ ಮೇಲೆ ಅಲ್ಲಿ ಒಬ್ಬರಿಗೂ ಕನ್ನಡ ಬರುವುದಿಲ್ಲವೆಂದು ಗೊತ್ತಾಗಿ, ಮುಂದಿನ ಬಸ್ಸಿಗೆ ಮರಳಿ ಬಂದಿದ್ದ. ಈಗ ಅದನ್ನು ನೆನೆದರೆ ಒಂದು ಬಗೆಯ ಸಮಾಧಾನವಾಗುತ್ತಿತ್ತು. ಕಿವಿ ನೆಟ್ಟಗಿದ್ದವರೇನು ಮೋಸ ಹೋಗುವುದಿಲ್ಲವೇ? ಅವನ ಜನ್ಮದಲ್ಲಿ ಆದ ಅತಿ ದೊಡ್ಡ ಮೋಸ ಎರಡು ಕಿವಿಯೂ ಚೆನ್ನಾಗಿದ್ದಾಗಲೇ ಆದದ್ದು. ಆದರೆ ಈ ಮಾತನ್ನು ಯಾರೆದುರು ಹೇಳಬೇಕು? ಹೇಳಿದರೆ ಈಗ ನಿನ್ನ ಕಿವಿ ಹೇಗಿವೆ ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಕ್ಕೆಂದೇ ಇವತ್ತು ಕಂಪನಿ ಅವನನ್ನೂ ಅವನ ಜೊತೆ ಕೆಲಸ ಮಾಡುವ ಗೋವಿಂದನನ್ನೂ ನಾಸಿಕ್ಕಿಗೆ ಕಳಿಸುತ್ತಿತ್ತು.

ಊರಾಚೆಯ ವಾಳೂಜಿನ ಕಾರ್ಖಾನೆಯಲ್ಲಿ ಅವರಿಬ್ಬರದೂ ಪ್ರೆಸ್ ವಿಭಾಗ. ತಗಡಿನ ಹಾಳೆ ಒಳಗೆ ಹೋಗುತ್ತದೆ, ಇನ್ನೂರು ಟನ್ನಿನ ಪ್ರೆಸ್ಸು ಮೇಲಿಂದ ಬೀಳುತ್ತದೆ, ಮೋಟಾರು ಸೈಕಲ್ಲಿನ ಯಾವುದೋ ಒಂದು ಅಂಗ ಹೊರಗೆ ಬರುತ್ತದೆ. ನಿಮಿಷಕ್ಕೆ ಮೂವತ್ತು ಏಟು. ಅಂಥ ಹದಿನಾಲ್ಕು ಪ್ರೆಸ್ಸು. ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ. ಪ್ರತಿ ಸಲ ಒಂದು ವ್ಯಾನು ಗೇಟಿನೊಳಗೆ ಬರುತ್ತಿತ್ತು. ಈ ವರ್ಷ ಕಂಪನಿಯವರು ತಮ್ಮ ನಾಸಿಕ್ ಕಾರ್ಖಾನೆಯಲ್ಲೇ ಹೊರಗಿನ ಸದ್ದು ಹೊಗದ ಗಾಜಿನ ಕೋಣೆ ಕಟ್ಟಿಸಿ, ಇಬ್ಬಿಬ್ಬರನ್ನಾಗಿ ಅಲ್ಲಿಗೆ ಕರೆಸುತ್ತಿದ್ದರು. ಪರೀಕ್ಷೆಗೆ ಮೊದಲು ಹದಿನಾರು ತಾಸು ಕಿವಿಗೆ ಗದ್ದಲ ಬೀಳಬಾರದೆಂಬ ನಿಯಮವಿರುವುದರಿಂದ ನಿನ್ನೆ ರಜೆ ಕೊಟ್ಟಿದ್ದರು. ಆಮೇಲೆ ಐದು ತಾಸು ಎಸ್ಟಿ ಎಂಬ ಸರ್ಕಾರಿ ಬಸ್ಸಿನಲ್ಲಿ, ಅದೂ ಎಂಜಿನ್ನಿನ ಪಕ್ಕದ ಸೀಟಿನಲ್ಲಿ ಕೂಡಿಸಿದ್ದರು. ನಿಯಮ ಬರೆದವರು ಎಸ್ಟಿ ಹತ್ತಿದವರಲ್ಲ ಎಂದು ಸಂಗಮನಾಥ ಮನಸ್ಸಿನಲ್ಲೇ ನಕ್ಕ. ನಗು ಬಹಳ ದೂರ ಹೋಗಲಿಲ್ಲ. ಕಾಗದದಲ್ಲಿ ಕಿವಿ ಕೆಟ್ಟಿದೆಯೆಂದು ಬಂದರೆ ಪ್ರೆಸ್ಸಿನಿಂದ ಎತ್ತಿ ಪ್ಯಾಕಿಂಗಿಗೆ ಹಾಕುತ್ತಾರೆ. ಔರಾದದ ಕಡೆಯ ಮಾಳಪ್ಪನನ್ನು ಹೋದ ವರ್ಷ ಹಾಗೆಯೇ ಹಾಕಿದರು. ಮೂವತ್ತು ವರ್ಷ ಕಬ್ಬಿಣ ಬಾಗಿಸಿದ ಕೈಯಲ್ಲಿ ಈಗ ಅವನು ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸುತ್ತಾನೆ. ಸೂಪರ್‌ವೈಜರ್ ಹುಡುಗ ಅವನ ಮುಖದ ಹತ್ತಿರ ಬಂದು, ಕೂಸಿಗೆ ಉಣ್ಣಿಸುವವರ ಹಾಗೆ ಬಾಯಿ ಅಗಲಿಸಿ, ಪೆಟ್ಟಿಗೆ, ಪೆಟ್ಟಿಗೆ ಎನ್ನುತ್ತಾನೆ.

ಸಂಗಮನಾಥನಿಗೆ ಪ್ಯಾಕಿಂಗ್ ಆಗಲೇಬಾರದು. ಯಾಕೆಂದರೆ ಇಡೀ ವಿಭಾಗ ಅವನನ್ನು ಕರೆಯುವುದೇ ಕಾನವಾಲೇ ಎಂದು, ಕಿವಿಯವನು ಎಂದು. ಡೈ, ಅಂದರೆ ತಗಡಿಗೆ ಆಕಾರ ಕೊಡುವ ಅಚ್ಚು, ಒಂದು ಕೂದಲಿನಷ್ಟು ಸರಿದರೂ ಏಟಿನ ಸದ್ದು ಕೇಳಿಯೇ ಹೇಳಿಬಿಡುತ್ತಾನೆಂಬ ಖ್ಯಾತಿ. ಹದಿನೈದು ವರ್ಷದ ಕೆಳಗೆ ಅದು ನಿಜವೂ ಆಗಿತ್ತು. ಆ ಸದ್ದು ಕೇಳಬೇಕೆಂದೇ ಅವನು ಕಿವಿಗೆ ಇಯರ್‌ಪ್ಲಗ್ ಹಾಕುತ್ತಿರಲಿಲ್ಲ. ಕೊರಳಲ್ಲಿ ಶಿವದಾರ ಒಂದು, ಪ್ಲಗ್ಗಿನ ಕೇಸರಿ ದಾರ ಇನ್ನೊಂದು. ಸೇಫ್ಟಿ ಸಾಹೇಬರು ಬಂದಾಗ ಮಾತ್ರ ಎರಡನೆಯದನ್ನು ಮೇಲೆತ್ತಿ ಕಿವಿಗೆ ತುರುಕುತ್ತಿದ್ದ. ಹೀಗೆ ಕಿವಿಯ ಹೆಸರು ಉಳಿಸಲು ಹೋಗಿ ಕಿವಿ ಕಳೆದುಕೊಂಡ. ಈಗ ಅವನು ಡೈಯ ತಪ್ಪನ್ನು ಹಿಡಿಯುವುದು ಎಡಗೈಯಿಂದ. ಪ್ರೆಸ್ಸಿನ ಕಂಬಕ್ಕೆ ಅಂಗೈ ಆನಿಸಿ ಕಣ್ಣು ಮುಚ್ಚಿ ನಿಲ್ಲುತ್ತಾನೆ, ಅದುರುವಿಕೆ ಮೊಣಕೈವರೆಗೆ ಏರಿ ಹೇಳುತ್ತದೆ. ಯಂತ್ರಕ್ಕೆ ನಮಸ್ಕಾರ ಮಾಡುವ ಭಕ್ತ ಎಂದುಕೊಂಡು ಹೊಸ ಹುಡುಗರೂ ಹಾಗೆ ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ವ್ಯಾನಿನ ಪರೀಕ್ಷೆಯನ್ನಂತೂ ಅವನು ಹನ್ನೆರಡು ವರ್ಷದಿಂದ ಕಣ್ಣಿನಲ್ಲೇ ಪಾಸು ಮಾಡುತ್ತ ಬಂದಿದ್ದ. ಹೆಡ್‌ಫೋನಿನಲ್ಲಿ ಸದ್ದು ಕೇಳಿಸಿದಾಗಲೆಲ್ಲ ಬಟನ್ ಒತ್ತಬೇಕು; ಸದ್ದು ಬಿಡುವಾಗೆಲ್ಲ ಆ ವ್ಯಾನಿನ ಮನುಷ್ಯನ ಬಲಹುಬ್ಬು ಏಳುತ್ತಿತ್ತು. ಹುಬ್ಬು ಎದ್ದಾಗ ಇವನು ಬಟನ್ ಒತ್ತುತ್ತಿದ್ದ. ಅಷ್ಟೊಂದು ಪ್ರಾಮಾಣಿಕವಾದ ಹುಬ್ಬು ನಾಸಿಕ್ಕಿನಲ್ಲಿ ಸಿಗುತ್ತದೋ ಇಲ್ಲವೋ.

ವೈಜಾಪುರದ ಹತ್ತಿರ ಗೋವಿಂದ ಅವನ ತೋಳು ತಟ್ಟಿ, ತನ್ನ ಕಡೆ ಮುಖ ತಿರುಗಿದ ಮೇಲೆ ಮರಾಠಿಯಲ್ಲಿ ಕೇಳಿದ: "ದಾದಾ, ಯಾಕೆ ಸುಮ್ಮನಿದ್ದೀಯಾ? ನಿನಗೇನು ಚಿಂತೆ, ನೀನು ಕಾನವಾಲೇ. ಹೆದರಬೇಕಾದವನು ನಾನು."

"ಹೆದರಿಲ್ಲ. ನಿದ್ದೆ."

"ಕಣ್ಣು ತೆರೆದು ನಿದ್ದೆ ಮಾಡ್ತೀಯಾ?"

"ನಾವು ಬೀದರ್ ಕಡೆಯವರು. ಬೇಕಾದ ಹಾಗೆ ಮಾಡ್ತೀವಿ."

ಗೋವಿಂದನ ಒಂದೊಂದು ಮಾತೂ ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು. ಮರಾಠಿಯಲ್ಲಿ ಅವನು ಕಿವುಡನಲ್ಲ. ಈ ವಿಚಿತ್ರವನ್ನು ಅವನು ಯಾರಿಗೂ ಹೇಳಿರಲಿಲ್ಲ; ಹೇಳಿದರೂ ಯಾರು ನಂಬಬೇಕು? ಮರಾಠಿ ಅವನಿಗೆ ಕಿವಿಯಿಂದ ಬಂದದ್ದೇ ಅಲ್ಲ. ಇಪ್ಪತ್ತಮೂರನೇ ವಯಸ್ಸಿನಲ್ಲಿ, ಪ್ರೆಸ್ಸುಗಳ ನಡುವೆ, ಜನರ ತುಟಿ ನೋಡಿ ಕಲಿತದ್ದು. ಮೊದಲು ಕಲಿತ ಮಾತು ಥಾಂಬ್, ನಿಲ್ಲು. ಅದು ಹೇಗೆ ಕೇಳಿಸುತ್ತದೆಂದು ತಿಳಿಯುವ ಮೊದಲೇ ಹೇಗೆ ಕಾಣಿಸುತ್ತದೆಂದು ಗೊತ್ತಾಗಿತ್ತು, ಇಲ್ಲದಿದ್ದರೆ ಬೆರಳು ಹೋಗುತ್ತಿತ್ತು. ಕನ್ನಡ ಹಾಗಲ್ಲ. ಅದು ಅವ್ವನಿಂದ ಬಂದದ್ದು, ಅವ್ವ ಯಾವತ್ತೂ ಒಲೆಯ ಕಡೆ ಮುಖ ಮಾಡಿ, ರೊಟ್ಟಿ ತಟ್ಟುತ್ತ ಬೆನ್ನಿನಿಂದಲೇ ಮಾತಾಡಿದವಳು. ಕನ್ನಡದ ತುಟಿ ಹೇಗಿರುತ್ತದೆಂದು ಅವನು ನೋಡಿಯೇ ಇರಲಿಲ್ಲ. ಈಗ ಯಾರಾದರೂ ಕನ್ನಡ ಮಾತಾಡಿದರೆ ಸ್ವರಗಳು ಬರುತ್ತವೆ, ವ್ಯಂಜನಗಳು ಬರುವುದಿಲ್ಲ. ಆ, ಈ, ಊ ಎಂದು ಕೂಸು ಅತ್ತ ಹಾಗೆ. ಊರಿಗೆ ಹೋದರೆ, ಮದುವೆ ಮನೆಗಳಲ್ಲಿ, ಬೀಗರು ಬಿಜ್ಜರು ಮಾತಾಡಿಸಿದಾಗ ಅವನು ಗಂಭೀರವಾಗಿ ಹೂಂ ಅಂದು ಪಕ್ಕಕ್ಕೆ ಸರಿಯುತ್ತಿದ್ದ. ಸಂಗಮನಾಥ ಕಂಪನಿ ಸೇರಿ ಮರಾಠಿ ಸಾಹೇಬ ಆಗ್ಯಾನ, ನಮ್ಮ ಮಾತು ಈಗ ಅವನಿಗೆ ಹಿಡಸಂಗಿಲ್ಲ ಎಂದು ಅವರು ಆಡಿಕೊಳ್ಳುತ್ತಿದ್ದರು. ಆಡಿಕೊಂಡದ್ದು ಹೆಂಡತಿಯಿಂದ ತಿಳಿಯುತ್ತಿತ್ತು. ಅವಳು ಅದನ್ನು ಮೂರು ಸಲ ಹೇಳುತ್ತಿದ್ದಳು, ಮೂರನೆಯ ಸಲ, ಇವನು ಬೇಕೆಂದೇ ಕಿವಿಗೊಡುವುದಿಲ್ಲವೆಂದು ಸಿಟ್ಟಿಗೆದ್ದು, ಕೂಗಿ. ಅವನು ಲೆಕ್ಕ ಹಾಕಿ ನೋಡಿದ್ದ: ಸೊಕ್ಕಿನವನು ಅನ್ನಿಸಿಕೊಂಡರೆ ಊಟಕ್ಕೆ ಮುಂದಿನ ಸಾಲಿನಲ್ಲಿ ಕೂಡಿಸುತ್ತಾರೆ, ಕಿವುಡ ಅನ್ನಿಸಿಕೊಂಡರೆ ಮೂಲೆಯಲ್ಲಿ.

ಆದರೆ ಮಗಳ ವಿಷಯದಲ್ಲಿ ಹೀಗೆ ಲೆಕ್ಕ ಹಾಕಿ ಪಾರಾಗಲು ಆಗುವುದಿಲ್ಲ. ರೂಪಾ ಹತ್ತು ವರ್ಷದವಳಿದ್ದಾಗ, ಅವಳ ಸಣ್ಣ ದನಿ ಅವನ ಕಿವಿಗೆ ಮೊದಲಿಗೆ ತೆಳ್ಳಗಾಗಿ ಆಮೇಲೆ ಪೂರ್ತಿ ಮಾಯವಾದಾಗ, ಅವನು ಒಂದು ದಿನ ಸಿಟ್ಟು ಮಾಡಿದವನ ಹಾಗೆ, ಮನೆಯಲ್ಲಿ ಇನ್ನು ಮೇಲೆ ಮರಾಠಿ ಮಾತಾಡು, ಶಾಲೆಗೆ ಒಳ್ಳೆಯದು ಅಂದಿದ್ದ. ಹುಡುಗಿ ಮರಾಠಿಗೆ ತಿರುಗಿದಳು, ಅವನಿಗೆ ಮಗಳು ಮರಳಿ ಸಿಕ್ಕಳು. ಹೆಂಡತಿ ಶಾಂತಾಬಾಯಿಗೆ ಮಾತ್ರ ಮಗಳು ಅರ್ಧ ಕಳೆದುಹೋದಳು. ಈಗ ರೂಪಾ ದಿಂಡೋರಿಯಲ್ಲಿ ವೈನಿನ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದಾಳೆ. ಊರಿನವರಿಗೆ ದ್ರಾಕ್ಷಿ ಕಂಪನಿ ಅಂತ ಹೇಳಿದ್ದಾರೆ, ಸುಳ್ಳೇನಲ್ಲ. ಅವಳ ಕನ್ನಡ ಕೂತು ಕೇಳುತ್ತದೆ, ಎದ್ದು ಮಾತಾಡುವುದಿಲ್ಲ. ಅಪ್ಪನ ಮಾಡ್ಯಾನ ಇದು, ಎಂದು ಶಾಂತಾಬಾಯಿ ಬಂದವರಿಗೆಲ್ಲ ಹೇಳುತ್ತಾಳೆ. ಹೋದ ತಿಂಗಳು ಅವನು ದಿಂಡೋರಿಗೆ ಹೊರಟು ನಿಂತು, ನೀನೂ ಬರಬೇಕೇನು ಎಂದು ಬಾಗಿಲಿನಿಂದ ಹೆಂಡತಿಯನ್ನು ಕೇಳಿದ. ಅವಳು ಏನೋ ಅಂದಳು; ಕೊನೆಗೆ ಅವಳ ತುಟಿ ಗುಂಡಗಾದದ್ದು ಅವನಿಗೆ ಕಂಡಿತು. ಮರಾಠಿಯಲ್ಲಿ ಕೊನೆಗೆ ತುಟಿ ಗುಂಡಗಾದರೆ ನಕೋ, ಬೇಡ. ಸರಿ ಬಿಡು ಅಂದು ಒಬ್ಬನೇ ಹೋಗಿಬಂದ. ಶಾಂತಾಬಾಯಿ ಒಂಬತ್ತು ದಿನ ಮಾತು ಬಿಟ್ಟಳು. ಮಾತು ಬಿಟ್ಟಿದ್ದಾಳೆಂಬುದು ಅವನಿಗೆ ತಿಳಿದದ್ದು ನಾಲ್ಕನೆಯ ದಿನ. ಒಂದು ಬೆಳಗ್ಗೆ ಕನ್ನಡಿಯೆದುರು ಗಡ್ಡ ಹೆರೆಯುತ್ತ, ಸೋಪಿನ ನೊರೆಯ ನಡುವೆ, ನಕೋ, ಬೇಕು, ನಕೋ, ಬೇಕು ಎಂದು ಅಂದು ನೋಡಿಕೊಂಡಾಗ ಗೊತ್ತಾಯಿತು. ಕನ್ನಡದಲ್ಲಿ ತುಟಿ ಗುಂಡಗಾಗುವುದು ಬೇಕು ಅನ್ನುವಾಗ. ಇಷ್ಟು ವರ್ಷ ಎಷ್ಟು ಬೇಕುಗಳನ್ನು ಅವನು ಬೇಡ ಮಾಡಿಬಿಟ್ಟಿದ್ದನೋ. ಏನಂದೆ ಎಂದು ಅವಳನ್ನು ಕೇಳಬೇಕಾದರೆ ಕಿವಿ ಹೋದದ್ದನ್ನು ಹೇಳಬೇಕು. ಹೇಳಿದರೆ ಶಾಂತಾಬಾಯಿ ಅತ್ತು ತನ್ನ ಅಕ್ಕನಿಗೆ ಹೇಳುತ್ತಾಳೆ, ಅಕ್ಕ ಭಾಲ್ಕಿಗೆ ಹೇಳುತ್ತಾಳೆ.

ನಾಸಿಕ್ಕಿನ ಅಂಬಡ್ ಕಾರ್ಖಾನೆಯಲ್ಲಿ ಹೊಸ ಬಣ್ಣದ ವಾಸನೆ. ಪರೀಕ್ಷೆ ಮಾಡಲು ಕೂತವಳು ದೀಕ್ಷಿತಾ ಎಂಬ ಹುಡುಗಿ, ಕನ್ನಡಕ, ಬಿಳಿ ಕೋಟು. ಗೋವಿಂದನ ಸರದಿ ಮೊದಲು. ಅವನು ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಂದು, ಪಾಸಾದ ಹುಡುಗನ ಹಾಗೆ ಹಲ್ಲು ಬಿಟ್ಟ. ಅವನ ಕಿವಿ ಚೆನ್ನಾಗಿರುವುದು ಸಹಜವೇ. ಪ್ಲಗ್ ಹಾಕದೆ ಅವನು ಪ್ರೆಸ್ಸಿನ ಹತ್ತಿರ ಹೋಗುವುದಿಲ್ಲ, ಅದಕ್ಕೆ ಎಲ್ಲರೂ ಅವನನ್ನು ಹೆದರುಪುಕ್ಕ ಎಂದು ನಗುತ್ತಿದ್ದರು. ಹೆಚ್ಚು ನಕ್ಕವನು ಸಂಗಮನಾಥನೇ. ದೀಕ್ಷಿತಾ ಸಂಗಮನಾಥನ ಅರ್ಜಿ ತಿರುವಿ ನೋಡಿದಳು, ಅವಳ ಮುಖ ಅರಳಿತು. ಏನೋ ಕೇಳಿದಳು. ಅವನಿಗೆ ಮುಖ ಅರಳಿದ್ದು ಕಂಡಿತೇ ಹೊರತು ಮಾತು ಹತ್ತಲಿಲ್ಲ. ಮರಾಠಿ ಅಲ್ಲ. ಮರಾಠಿಯಾಗಿದ್ದರೆ ತುಟಿ ಹೀಗೆ ಸಣ್ಣಸಣ್ಣಗೆ ಕುಣಿಯುತ್ತಿರಲಿಲ್ಲ. ಅವಳ ಬೆರಳು ಅರ್ಜಿಯಲ್ಲಿ ಊರಿನ ಹೆಸರಿನ ಮೇಲಿತ್ತು: ಭಾಲ್ಕಿ, ಬೀದರ್ ಜಿಲ್ಲೆ. ಆಗ ಹೊಳೆಯಿತು. ಕನ್ನಡ! ಇಡೀ ನಾಸಿಕ್ಕಿನಲ್ಲಿ ಅವನ ಪಾಲಿಗೆ ಇವಳೇ ಬರಬೇಕೇ? ಇಪ್ಪತ್ತೆಂಟು ವರ್ಷದ ಕೆಳಗೆ ಬಸ್ ಸ್ಟ್ಯಾಂಡಿನಲ್ಲಿ ಇಂಥ ಒಬ್ಬರು ಸಿಕ್ಕಿದ್ದರೆ ಕಾಲಿಗೆ ಬೀಳುತ್ತಿದ್ದ.

"ಹೂಂ," ಅಂದ, ನಗುತ್ತ. ಅವಳು ಇನ್ನೂ ಸಂತೋಷಪಟ್ಟು ಇನ್ನಷ್ಟು ಮಾತಾಡಿದಳು. ಅವನು ಇನ್ನೆರಡು ಹೂಂ ಕೊಟ್ಟ, ಒಂದನ್ನು ಎಳೆದು, ಒಂದನ್ನು ಮೊಟಕಾಗಿ.

ಗಾಜಿನ ಕೋಣೆಯಲ್ಲಿ ಅವನನ್ನು ಗೋಡೆಗೆ ಮುಖ ಮಾಡಿ ಕೂಡಿಸಿದಳು. ಇದು ಹೊಸ ನಿಯಮ. ಹುಬ್ಬು ಬೆನ್ನ ಹಿಂದೆ ಹೋಯಿತು. ಹೆಡ್‌ಫೋನು ಹಾಕಿ ಬಾಗಿಲು ಮುಚ್ಚಿದ ಕೂಡಲೇ ಅವನ ಒಳಗಿನ ಜೀರುಂಡೆ ದೊಡ್ಡದಾಯಿತು. ಅದು ಏಳು ವರ್ಷದಿಂದ ಎಡಗಿವಿಯಲ್ಲಿ ಮನೆ ಮಾಡಿಕೊಂಡಿದೆ, ಮೂರೂ ಪಾಳಿ ಕೂಗುತ್ತದೆ, ರಜೆ ಕೇಳುವುದಿಲ್ಲ. ಇಂಥ ನಿಶ್ಶಬ್ದದಲ್ಲಿ ಅದು ತನಗೇ ಕಟ್ಟಿಸಿದ ಬಂಗಲೆ ಎನ್ನುವಂತೆ ಕೋಣೆಯ ತುಂಬ ಹರಡಿಕೊಂಡಿತು. ಪರೀಕ್ಷೆಯ ಮೊದಲ ಎರಡು ಸದ್ದು, ಗೂಂ ಎನ್ನುವ ದಪ್ಪ ಸದ್ದು, ನಿಜವಾಗಿಯೇ ಕೇಳಿಸಿದವು; ಒತ್ತಿದ. ಮೂರನೆಯದು ಹೊರಗಿನದೋ ತನ್ನ ಜೀರುಂಡೆಯದೋ ಗೊತ್ತಾಗಲಿಲ್ಲ. ಅವನು ಗೋಡೆಯ ಮೇಲೆಲ್ಲ ಕಣ್ಣಾಡಿಸಿದ. ಎದುರಿನ ಗೋಡೆಯಲ್ಲಿ ಕಂಪನಿಯ ಸ್ಥಾಪಕರ ಫೋಟೋ, ಅದಕ್ಕೆ ಗಾಜು. ಸ್ಥಾಪಕರ ಎದೆಯ ಮೇಲೆ, ಕೋಟಿನ ಗುಂಡಿಯ ಹತ್ತಿರ, ದೀಕ್ಷಿತಾಳ ಮೊಣಕೈ ಪ್ರತಿಬಿಂಬವಾಗಿ ಕಂಡಿತು. ಸದ್ದು ಬಿಡುವಾಗ ಅದು ಮೇಲೇಳುತ್ತಿತ್ತು. ಸಂಗಮನಾಥ ಸ್ಥಾಪಕರಿಗೆ ಮನಸ್ಸಿನಲ್ಲೇ ಕೈಮುಗಿದ. ಸತ್ತ ಮೇಲೂ ಕಾರ್ಮಿಕರ ಕೈಬಿಡದ ಮನುಷ್ಯ. ಮೊಣಕೈ ಎದ್ದಿತು, ಒತ್ತಿದ. ಎದ್ದಿತು, ಒತ್ತಿದ. ಆಮೇಲೆ ಮೂರು ಸಲ ಬೇಗಬೇಗ ಎದ್ದಿತು, ಮೂರು ಸಲವೂ ಒತ್ತಿದ. ಹನ್ನೆರಡು ವರ್ಷದ ಅಭ್ಯಾಸ ಎಂದರೆ ಸಣ್ಣದೇ?

ಪರೀಕ್ಷೆ ಮುಗಿದು ಅವಳು ಒಳಗೆ ಬಂದು ಹಿಂದಿನಿಂದ ಹೆಡ್‌ಫೋನು ತೆಗೆಯುತ್ತ ಬಾಗಿ ಏನೋ ಹೇಳಿದಳು. ಮೆಲ್ಲಗೆ, ಗುಟ್ಟು ಹೇಳುವ ದನಿಯಲ್ಲಿ. ಆ, ಈ, ಊ, ಕೊನೆಗೆ ಏರಿ ನಿಂತ ಒಂದು ಆ. ಪ್ರಶ್ನೆ ಎಂಬುದಷ್ಟು ಖಚಿತ. ಚಹಾ ಕುಡೀತೀರಾ ಎಂದಿರಬೇಕು. ಊರಿನ ಹುಡುಗಿ, ಇನ್ನೇನು ಕೇಳುತ್ತಾಳೆ?

"ಹೂಂನವ್ವಾ, ಹಂಗೇ ಮಾಡು," ಅಂದ, ದೊಡ್ಡತನದಿಂದ.

ಚಹಾ ಬರಲಿಲ್ಲ, ಕಾಗದ ಬಂತು. ಹೊರಗಿನ ಬೆಂಚಿನಲ್ಲಿ ಗೋವಿಂದ ಅದನ್ನು ತೆಗೆದುಕೊಂಡು ಇಂಗ್ಲಿಷನ್ನು ಬೆರಳಿಟ್ಟು ಓದಿದ. ಓದುತ್ತ ಓದುತ್ತ ಅವನ ಬಾಯಿ ತೆರೆದುಕೊಂಡಿತು. "ದಾದಾ, ನಿನ್ನ ಎರಡೂ ಕಿವಿ ಹೋಗಿವೆ ಅಂತ ಬರೆದಿದ್ದಾಳೆ. ಗದ್ದಲದ ಕೆಲಸದಿಂದ ತೆಗೀಬೇಕು ಅಂತ. ಕೆಳಗೆ ನಿನ್ನ ಸಹಿಗೆ ಜಾಗ ಬಿಟ್ಟಿದ್ದಾಳೆ." ಅವನು ಕಾಗದ ಹಿಡಿದುಕೊಂಡೇ ಎದ್ದ. "ಏನೋ ತಪ್ಪಾಗಿದೆ. ಕಾನವಾಲೇ ಕಿವಿ ಹೋಗೋದಂದರೇನು? ನಡಿ."

ದೀಕ್ಷಿತಾ ಅವರಿಬ್ಬರ ಮುಖ ನೋಡಿ ಗಾಬರಿಯಾದಳು. ಗೋವಿಂದನಿಗೆ ತಿಳಿಯಲೆಂದು ತನ್ನ ಹೊಸ ಮರಾಠಿಯಲ್ಲಿ ನಿಧಾನವಾಗಿ ಹೇಳಿದಳು. ಹೊಸ ಮರಾಠಿಯಾದ್ದರಿಂದ ಒಂದೊಂದು ಶಬ್ದಕ್ಕೂ ಬಾಯಿ ಪೂರ್ತಿ ತೆರೆಯುತ್ತಿತ್ತು; ಸಂಗಮನಾಥನಿಗೆ ಒಂದಕ್ಷರ ಬಿಡದೆ ಕಂಡಿತು. "ನಾನು ಸದ್ದು ಬಿಡದೆ ಸುಮ್ಮನೆ ಕೈ ಎತ್ತಿದೆ. ಮೂರು ಸಲ. ಕಾಕಾ ಮೂರು ಸಲ ಬಟನ್ ಒತ್ತಿದರು. ಎಲ್ಲರೆದುರು ಹೇಳಬಾರದು ಅಂತ ಒಳಗೆ ಹೋಗಿ ನಮ್ಮ ಭಾಷೆಯಲ್ಲಿ ಕೇಳಿದೆ. ಕಾಕಾ, ನಿಮಗೆ ಕೇಳಿಸೋದಿಲ್ಲ ಅಂತ ಬರೆಯಲಾ ಅಂತ. ಹೂಂ, ಹಂಗೇ ಮಾಡು ಅಂದರು."

ಗೋವಿಂದ ಅವನ ಕಡೆ ತಿರುಗಿದ. "ದಾದಾ, ಅವಳಿಗೆ ಸರಿಯಾಗಿ ಹೇಳು. ನೀನು ಕೇಳಿದ್ದು ನನಗೆ ಕೇಳಿಸಲೇ ಇಲ್ಲ ಅಂತ ಹೇ..."

ಅಲ್ಲಿಗೆ ನಿಂತ. ಅವನ ಬಾಯಿ ಆ ಶಬ್ದದ ಆಕಾರದಲ್ಲೇ ಉಳಿಯಿತು. ಕೇಳಿಸಲಿಲ್ಲ ಅಂದರೆ ಕಾಗದ ನಿಜ. ಕೇಳಿಸಿತ್ತು ಅಂದರೆ ಒಪ್ಪಿಗೆ ಕೊಟ್ಟದ್ದು ನಿಜ. ಸಂಗಮನಾಥನಿಗೆ ಇಲಿಯ ಬೋನಿನೊಳಗೆ ಕೂತು ಬೋನಿನ ಕಸುಬುಗಾರಿಕೆಯನ್ನು ಮೆಚ್ಚಿದಂತೆ ಆಯಿತು. ಎಂಥ ಡೈ ಮಾಡಿದ್ದಾಳೆ ಹುಡುಗಿ, ಕೂದಲಿನಷ್ಟೂ ಸಂದಿಲ್ಲ. ದೀಕ್ಷಿತಾ ಕೈ ಬಾಯಿಗೆ ಇಟ್ಟುಕೊಂಡಳು. ಈಗ ಅವಳಿಗೂ ತಿಳಿದಿತ್ತು, ಆಗಿನಿಂದ ತಾನು ಊರು, ಮನೆತನ, ರೊಟ್ಟಿ, ಹಿಂಡಿಪಲ್ಯ ಎಂದು ಆಡಿದ ಒಂದು ಮಾತೂ ಈತನಿಗೆ ಮುಟ್ಟಿಲ್ಲವೆಂದು.

"ಕಾಗದ ಹರಿದು ಹಾಕ್ತೀನಿ," ಎಂದಳು ಮರಾಠಿಯಲ್ಲಿ. "ನೀವು ಒಪ್ಪಿಲ್ಲ ಅಂತ ಬರೀತೀನಿ. ಮೂರು ತಿಂಗಳು ಬಿಟ್ಟು ಇನ್ನೊಂದು ಪರೀಕ್ಷೆ ಆಗ್ತದೆ."

ಮೂರು ತಿಂಗಳು. ಅಷ್ಟರಲ್ಲಿ ಆ ಫೋಟೋದ ಗಾಜಿನ ಹಾಗೆ ಇನ್ನೇನಾದರೂ ಸಿಗುತ್ತದೆ. ಅವನ ಮುಂದೆ ಗೋವಿಂದ ನಿಂತಿದ್ದ. ಇಪ್ಪತ್ತು ವರ್ಷ ಅವನನ್ನು ಕಾನವಾಲೇ ಎಂದು ಕರೆದ, ಅವನ ನಗೆಚಾಟಿಕೆ ಸಹಿಸಿಕೊಂಡೂ ಪ್ಲಗ್ ತೆಗೆಯದ ಗೋವಿಂದ. ಅವನ ಕಣ್ಣಿನಲ್ಲಿ ಗೆದ್ದವನ ಖುಷಿ ಇದ್ದಿದ್ದರೆ ಸಂಗಮನಾಥ ಖಂಡಿತ ಮೂರು ತಿಂಗಳನ್ನು ಆರಿಸಿಕೊಳ್ಳುತ್ತಿದ್ದ. ಖುಷಿ ಇರಲಿಲ್ಲ. ಮಾಳಪ್ಪನನ್ನು ಮಾತಾಡಿಸುವಾಗ ಸೂಪರ್‌ವೈಜರ್ ಮಾಡುತ್ತಾನಲ್ಲ, ಅದೇ ರೀತಿ ಗೋವಿಂದನ ತುಟಿ ಈಗಾಗಲೇ ಅಗಲವಾಗುತ್ತಿತ್ತು: "ದಾ - ದಾ, ಏ - ನು ಮಾ - ಡೋ - ಣ?" ಇದನ್ನು ತಡೆಯಬೇಕಾದರೆ ಒಂದೇ ದಾರಿ.

"ಕೇಳಿಸಿತ್ತು," ಎಂದ ಸಂಗಮನಾಥ ಮರಾಠಿಯಲ್ಲಿ, ವಿಭಾಗದ ಹಿರಿಯನ ದನಿ ತೆಗೆದು. "ಚೆನ್ನಾಗಿ ಕೇಳಿಸಿತ್ತು. ಹುಡುಗಿ ಕೇಳಿದಳು, ನಾನು ಹೂಂ ಅಂದೆ. ನೀನು ಬಾಯಿ ಮುಚ್ಚು." ಅಂದವನೇ ಪೆನ್ನು ತೆಗೆದುಕೊಂಡು, ಎರಡೂ ಕಿವಿ ಕೇಳುವುದಿಲ್ಲವೆಂಬ ಮಾತಿನ ಕೆಳಗೆ, ತನಗೆ ಕೇಳುತ್ತದೆಂದು ತೋರಿಸುವುದಕ್ಕಾಗಿ ಸಹಿ ಹಾಕಿದ. ಹನ್ನೆರಡು ವರ್ಷ ಸುಳ್ಳಾಡಿ ಸುಳ್ಳು ಕಾಗದ ಪಡೆದಿದ್ದ. ಇವತ್ತು ಒಂದು ಸುಳ್ಳಿಗೆ ನಿಜವಾದ ಕಾಗದ ಸಿಕ್ಕಿತು. ಗೋವಿಂದ ಬಾಯಿ ಮುಚ್ಚಿದ. ಆಮೇಲೆ ಎಂದಿನ ಅಳತೆಗೇ ತೆರೆದು, "ಹಾಗಾದರೆ ಚಹಾ ನಿನ್ನದು," ಎಂದ.

ದೀಕ್ಷಿತಾ ಅವನ ಎದುರಿಗೆ ಬಂದು ನಿಂತಳು. ಮುಂಗುರುಳು ಹಿಂದೆ ಸರಿಸಿ, ಗಲ್ಲ ಎತ್ತಿ, ಕನ್ನಡದಲ್ಲಿ ನಿಧಾನವಾಗಿ ಏನೋ ಅಂದಳು. ಅವನು ನೋಡಿದ. ಮೊದಲು ತುಟಿ ಅಂಟಿ ಬಿಟ್ಟಿತು, ಆಮೇಲೆ ನಾಲಿಗೆ ಹಲ್ಲಿಗೆ ಬಂತು. ಹೂಂ ಅನ್ನುವುದು ಬಾಯಿಗೆ ಬಂದಿತ್ತು, ತಡೆದುಕೊಂಡ. "ತಿಳೀಲಿಲ್ಲವ್ವಾ," ಅಂದ. ಕನ್ನಡದಲ್ಲಿ. ಅವಳು ನಕ್ಕು ಕಾಗದದ ಹಿಂದೆ ಬರೆದು ತೋರಿಸಿದಳು: ಮನೆಯಾಗ ಹೇಳ್ರಿ ಕಾಕಾ.

ಗೇಟಿನ ಹೊರಗೆ ಗೋವಿಂದ ಚಹಾದ ಗಾಡಿಯ ಕಡೆ ಹೋದ. ಸಂಗಮನಾಥ ಗೋಡೆಯ ನೆರಳಿನಲ್ಲಿ ನಿಂತು ಮನೆಗೆ ವಿಡಿಯೋ ಕಾಲ್ ಹಚ್ಚಿದ. ಶಾಂತಾಬಾಯಿ ಎತ್ತಿದಳು. ಎತ್ತಿದವಳು, ಫೋನು ಎಂದರೆ ಕಿವಿಗೆ ಹಿಡಿಯುವ ವಸ್ತು ಎಂದೇ ನಂಬಿದವಳಾದ್ದರಿಂದ, ನೆಟ್ಟಗೆ ಕಿವಿಗೆ ಹಿಡಿದಳು. ಪರದೆಯ ತುಂಬ ಅವಳ ಕಿವಿ. ಇಪ್ಪತ್ತಾರು ವರ್ಷ ಕೂಡಿ ಬಾಳಿದರೂ ಅವನು ಅದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಮಡಿಕೆಗಳು, ಒಂದು ಸಣ್ಣ ಮಚ್ಚೆ, ಹಿಟ್ಟಿನ ಗುರುತು, ಓಲೆಯ ಭಾರಕ್ಕೆ ಉದ್ದವಾದ ತೂತು. ಎಷ್ಟು ಚೆನ್ನಾಗಿ ಕೇಳುವ ಕಿವಿ ಎಂದುಕೊಂಡ. ಮುಖ ಇದ್ದಿದ್ದರೆ ಬಹುಶಃ ಹೇಳುತ್ತಿರಲಿಲ್ಲ. ಕಿವಿಯೊಂದೇ ಇದ್ದುದರಿಂದ ಹೇಳುವುದು ಸುಲಭವಾಯಿತು.

"ಶಾಂತಾ, ನಾ ಹೇಳ್ತೀನಿ, ನೀ ಸುಮ್ಮ ಕೇಳು. ನನ್ನ ಪ್ರೆಸ್ ಹೋಯ್ತು. ಪ್ಯಾಕಿಂಗಿಗೆ ಹಾಕ್ತಾರ. ನನಗ ಕಿವಿ ಕೇಳ್ಸಂಗಿಲ್ಲ. ಇವತ್ತಿಂದಲ್ಲ, ಹತ್ತು ಹನ್ನೆರಡು ವರ್ಷಾಯ್ತು. ನೀ ಅಂದಿದ್ದು ಭಾಳಷ್ಟು ನನಗ ಮುಟ್ಟೇ ಇಲ್ಲ. ಸೊಕ್ಕಲ್ಲ ಅದು. ಕೂಸಿಗಿ ಮರಾಠಿ ಕಲಿಸಿದ್ದೂ ಅದಕ್ಕ."

ಕಿವಿ ಅಲುಗಾಡಲಿಲ್ಲ. ಓಲೆ ಮಾತ್ರ ಸ್ವಲ್ಪ ತೂಗಿತು, ಆಮೇಲೆ ಬಹಳ ತೂಗಿತು. ಏನೋ ಅನ್ನುತ್ತಿದ್ದಾಳೆ, ಜೋರಾಗಿ, ಬಹುಶಃ ಬೈಯುತ್ತಿದ್ದಾಳೆ, ಇಲ್ಲವೆ ಅಳುತ್ತಿದ್ದಾಳೆ. ಕಿವಿಯ ಮೇಲೆ ಅದು ಬರೆದಿರುವುದಿಲ್ಲ.

"ಫೋನ್ ಕಣ್ಣ ಮುಂದ ಹಿಡಿ," ಎಂದ. "ನಿನ್ನ ಬಾಯಿ ಕಾಣ್ಬೇಕು."

ಪರದೆ ತಿರುಗಿತು. ಗೋಡೆ, ಫ್ಯಾನು, ಸೀರೆಯ ಸೆರಗು, ಕೊನೆಗೆ ಅವಳ ಮುಖ. ಮೂಗು ಕೆಂಪಾಗಿತ್ತು. ಅವಳು ಫೋನನ್ನು ಎರಡೂ ಕೈಯಲ್ಲಿ ಎದೆಯ ಎತ್ತರಕ್ಕೆ ಹಿಡಿದು, ಬಾಯಿ ತೆರೆದು, ಒಂದು ಮಾತು ಅಂದಳು. ಸಂಗಮನಾಥ ಕಣ್ಣು ಕಿರಿದು ಮಾಡಿ, ಫೋನು ಮೂಗಿನ ಹತ್ತಿರ ತಂದು ನೋಡಿದ.

"ಇನ್ನೊಮ್ಮೆ ಅನ್ನು," ಎಂದ. "ಸಾವಕಾಶ ಅನ್ನು, ಬಸ್ಸಿಗಿ ಇನ್ನಾ ಹೊತ್ತದ."